ಡ್ರೈಯರ್ ಮಹಾಶಯರಿಗೆ ಹಸಿ ಅಂಗಿಗಳ ಬಿನ್ನಹ

ಮಾನ್ಯ ಡ್ರೈಯರ್ ಮಹಾಶಯರೇ,

ಮಳೆಯೂರು ಬಬಿಂಡದ ಸಕ್ಕರೆ ಗಿರಣಿಯ ಹಿಂಬದಿಯಲ್ಲಿ, ಕಂಬಗಳ ಮೇಲೆ ನಿಂತಿರುವ ಹಳದಿ ಮನೆಯ ಯಜಮಾನಿ ವಿಲ್ಮಾ ಜಾನೆಟ್ಟಿ ತಮ್ಮ ಗುಂಡನೆಯ ಮುಖಾರವಿಂದಕ್ಕೆ ಮಾಡುವ ಸಾದರ ವಂದನೆಗಳು. ನಾವು ಮೇಲಂತಸ್ತಿನಲ್ಲಿ ಕ್ಷೇಮ. ಕೆಳಗೆ ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ ವಿರಾಜಮಾನರಾಗಿರುವ ತಾವೂ ಕ್ಷೇಮವೆಂದೇ ಭಾವಿಸಿದ್ದೇನೆ, ಏಕೆಂದರೆ ಕೆಲಸ ಮಾಡದವರ ಆರೋಗ್ಯ ಕೆಟ್ಟದ್ದನ್ನು ನಾನಂತೂ ಕಂಡಿಲ್ಲ. ಮಳೆಯೂ ಕ್ಷೇಮವಾಗಿದೆ. ಹಿತ್ತಲಿನ ತಂತಿಯ ಮೇಲೆ ಕಪ್ಪೆಗಳು ಕೂರುತ್ತವೆಯೇ ಹೊರತು ಬಟ್ಟೆ ಕೂತು ಯಾವ ಕಾಲವಾಯಿತೋ! ಆದ್ದರಿಂದಲೇ ತಮ್ಮಂಥ ಮಹನೀಯರನ್ನು ಮನೆ ತುಂಬಿಸಿಕೊಂಡೆವು ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ತಮ್ಮ ಸೇವೆಯ ಬಗ್ಗೆ ಹೇಳಬೇಕೆಂದರೆ ನಾಲಿಗೆ ಸಾಲದು. ಬೆಳಗಿನ ಚಹಾಕ್ಕೆ ಮೊದಲು ಟವೆಲ್ ಹಾಕಿದರೆ ಸಂಜೆಯ ಚಹಾದ ಹೊತ್ತಿಗೆ ತಾವು ಅದನ್ನು ಬೆಚ್ಚಗೆ, ಮೆತ್ತಗೆ, ಹಾಕಿದಷ್ಟೇ ಹಸಿಯಾಗಿ ಹಿಂದಿರುಗಿಸುತ್ತೀರಿ. ಬಟ್ಟೆಯನ್ನು ಹೀಗೆ ಆವಿಯಲ್ಲಿ ಬೇಯಿಸುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರೋ, ಆ ಗುರುಗಳಿಗೂ ನನ್ನ ನಮಸ್ಕಾರ.

ನನ್ನ ಸ್ವಂತ ಬಟ್ಟೆಯಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ನಮ್ಮೂರ ಹೆಂಗಸರ ರಗ್ಬಿ ತಂಡ 'ಹಸಿರು ಇರುವೆಗಳು' ತಮ್ಮ ಹೊಟ್ಟೆಗೆ ಬಿದ್ದಿದೆಯಲ್ಲ, ಅದಕ್ಕೇ ಈ ಪತ್ರ. ತಂಡದ ಅಂಗಿಗಳನ್ನೆಲ್ಲ ಒಂದೇ ಮನೆಯವರು ಒಗೆಯಬೇಕು, ಪ್ರತಿ ವಾರ ಸರದಿ ಬದಲಾಗಬೇಕು, ಆದರೆ ತಂಡ ಗೆದ್ದರೆ ಮಾತ್ರ ಒಗೆದ ಕೈ ಬದಲಿಸಬಾರದು ಎಂಬುದು ಕ್ಲಬ್ಬಿನ ನೇಮ. ಎಷ್ಟೋ ವರ್ಷ ಈ ನೇಮದಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ತಂಡ ಗೆದ್ದರೆ ತಾನೇ! ಈ ಚಳಿಗಾಲ ನಮ್ಮ ಮನೆಯ ಸರದಿ ಬಂದ ವಾರ ಅದೇನು ಗ್ರಹಚಾರವೋ, ಹುಡುಗಿಯರು ಗೆದ್ದುಬಿಟ್ಟರು. ಮರುವಾರವೂ ಗೆದ್ದರು. ಗೆಲ್ಲುತ್ತಲೇ ಹೋದರು. ಊರೆಲ್ಲ ಕುಣಿದಾಡುತ್ತಿದ್ದರೆ ನಾನೊಬ್ಬಳು ಕೆಸರಿನ ಮೂಟೆಯ ಮುಂದೆ ಕೂತು, ದೇವರೇ ಒಂದೇ ಒಂದು ಸಲ ಸೋಲಿಸಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ.

ಗುರುವಾರ ಅದೇ ಅಂಗಿಯಲ್ಲಿ ಅಭ್ಯಾಸ, ಶುಕ್ರವಾರ ಒಗೆತ, ಶನಿವಾರ ಪಂದ್ಯ. ಶುಕ್ರವಾರ ಸಂಜೆ ಅಂಗಿ ಒಯ್ಯಲು ಬಂದ ಹುಡುಗಿಯರು ತಮ್ಮ ದೆಸೆಯಿಂದ ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ತಂಡದ ನಾಯಕಿ ಕೊಲೀನ್, ಗಿರಣಿಗೆ ಕಬ್ಬು ಸಾಗಿಸುವ ಪುಟ್ಟ ರೈಲು ಓಡಿಸುವ ಗಟ್ಟಿಗಿತ್ತಿ, ಗಳಿಗೆಗೊಮ್ಮೆ ಬಗ್ಗಿ, "ವಿಲ್ಮಾ ಆಂಟಿ, ಒಣಗ್ತೇನ್ರೀ? ಇಲ್ಲ ನಾಳೆ ಅಂಗಿ ಹಿಂಡ್ಕೊಂಡೇ ಆಡ್ಬೇಕಾ?" ಎನ್ನುವಳು. ಕಾಯುವವರನ್ನು ಬರಿಗೈಲಿ ಕೂರಿಸಲಾದೀತೇ? ನಮ್ಮ ಹಿರಿಯರ ಕಾಲದ ಗರಿಗರಿ ತಿಂಡಿ, ಸಕ್ಕರೆ ಉದುರಿಸಿದ ಕ್ರೋಸ್ತೊಲಿ ಕರಿದು ಹಾಕಿದೆ. ಅದೇ ತಪ್ಪಾಯಿತು. ಮುಂದಿನ ವಾರದಿಂದ ಅವರು ಹಸಿದುಕೊಂಡೇ ಬರತೊಡಗಿದರು.

ಇನ್ನು ನನ್ನ ಗಂಡ ರೆಂಜೊ. ಗಿರಣಿಯಿಂದ ನಿವೃತ್ತನಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಮನುಷ್ಯ ತಮ್ಮ ಕಾಯಿಲೆಯ ಸುದ್ದಿ ಕೇಳಿದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಎದ್ದ. ಮೊದಲು ಜಾಳಿಗೆ ಎಳೆದು ತೆಗೆದ. ಅದರಲ್ಲಿ ಕೂತಿದ್ದ ಬಟ್ಟೆಯ ಜುಂಗು ಎಷ್ಟು ದಪ್ಪವಿತ್ತೆಂದರೆ ಕೌದಿ ಹೊಲಿಯಬಹುದಿತ್ತು. "ಇದನ್ನ ಪ್ರತಿಸಲ ತೆಗೀಬೇಕು ಕಣೇ, ಇಲ್ಲಾಂದ್ರೆ ಗಾಳಿ ಎಲ್ಲಿಂದ ಆಡುತ್ತೆ? ಬೆಂಕಿ ಹತ್ಕೊಂಡ್ರೆ ಏನ್ ಗತಿ?" ಎಂದ. ಅದು ತಮ್ಮ ಒಳಉಡುಪೆಂದು ತಿಳಿದು ಮರ್ಯಾದೆಗೆ ಮುಟ್ಟದೆ ಬಿಟ್ಟಿದ್ದೆ ಎಂದು ಹೇಳಿದರೆ ನಂಬಲಿಲ್ಲ. ಜಾಳಿಗೆಯನ್ನು ಸೋಪುನೀರಿನಲ್ಲಿ ಉಜ್ಜಿದೆವು. ಆಮೇಲೆ, "ಎಲ್ಲಾ ಅಂಗಿ ಒಟ್ಟಿಗೆ ತುರುಕಿದ್ರೆ ಅದಕ್ಕೂ ಉಸಿರುಕಟ್ಟಲ್ವಾ? ಅರ್ಧರ್ಧ ಹಾಕು, ಒಗೆಯೋ ಮೆಷಿನ್ನಲ್ಲಿ ಎರಡು ಸಲ ಹಿಂಡಿಸು" ಎಂದ. ಹಾಗೆಯೇ ಮಾಡಿದೆ. ತಮ್ಮ ಬೆನ್ನಹಿಂದೆ ಗೋಡೆಗೆ ಒತ್ತಿ ಮಡಿಚಿಹೋಗಿದ್ದ ಕೊಳವೆಯನ್ನು ನೆಟ್ಟಗೆ ಮಾಡಿದ. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ತಾವು ಏನು ಮಾಡಿದಿರಿ? ಮತ್ತಷ್ಟು ಗಟ್ಟಿಯಾಗಿ ಗುಡುಗುಟ್ಟಿದಿರಿ, ಅಷ್ಟೆ. ಅಂಗಿಗಳು ಹಸಿ ಹಸಿಯೇ.

ಅಂತೂ ಫೈನಲ್ ಪಂದ್ಯದ ವಾರ ಬಂತು. ಈ ತಂಡ ಹುಟ್ಟಿದ ಮೇಲೆ ಮೊದಲ ಫೈನಲ್. ಅಂಗಿಗಳನ್ನು ಬೇರೆಯವರ ಮನೆಗೆ ಕೊಟ್ಟು ಒಣಗಿಸಿ ತಂಡ ಸೋತರೆ, ನನ್ನ ಮೊಮ್ಮಕ್ಕಳ ಕಾಲಕ್ಕೂ ಆ ಅಪವಾದ ತಪ್ಪದು. ಹಸಿ ಅಂಗಿ ತೊಡಿಸಿ ಹುಡುಗಿಯರಿಗೆ ಜ್ವರ ಬಂದರೂ ನನ್ನದೇ ತಲೆ. ಅತ್ತ ದರಿ, ಇತ್ತ ಪುಲಿ. ಗುರುವಾರ ಅಭ್ಯಾಸ ಮುಗಿಸಿ ಮೂಟೆ ತಂದಿಟ್ಟ ಕೊಲೀನ್ ಕ್ರೋಸ್ತೊಲಿ ಮೆಲ್ಲುತ್ತ ಮನೆಯ ಪಕ್ಕಕ್ಕೆ ಅಡ್ಡಾಡಲು ಹೋದವಳು, ಸೊಂಟದೆತ್ತರದ ತರಗೆಲೆಯ ಗುಡ್ಡೆಯ ಮುಂದೆ ನಿಂತು ಕೂಗಿದಳು: "ಆಂಟಿ, ಇದೇನ್ರೀ ಇದು?"

"ರೆಂಜೊ ಮಾಡಿರೋ ಗೊಬ್ಬರದ ಗುಡ್ಡೆ ಕಣಮ್ಮ" ಎಂದೆ ನಾನು ಹೆಮ್ಮೆಯಿಂದ.

"ನಾನೆಲ್ಲಿ ಮಾಡ್ದೆ? ನೀನು ತಾನೇ ದಿನಾ ಗುಡಿಸಿ ಗುಡ್ಡೆ ಹಾಕ್ತಿದ್ದಿದ್ದು!" ಎಂದ ರೆಂಜೊ.

ಮಹಾಶಯರೇ, ತಿಂಗಳುಗಟ್ಟಲೆ ಅಂಗಳ ಚೊಕ್ಕಟವಾಗಿರುವುದನ್ನು ಕಂಡು ಗಂಡ ಕೊನೆಗೂ ಕಸಬರಿಕೆ ಮುಟ್ಟಿದನಲ್ಲ ಎಂದು ನಾನು, ಹೆಂಡತಿಗೆ ಎಷ್ಟು ಶ್ರದ್ಧೆ ಎಂದು ಅವನು, ಒಬ್ಬರನ್ನೊಬ್ಬರು ಮನಸ್ಸಿನಲ್ಲೇ ಮೆಚ್ಚಿಕೊಂಡು ಬದುಕಿದ್ದೆವು. ಅಷ್ಟರಲ್ಲಿ ಗುಡ್ಡೆಯ ಹಿಂದಿನಿಂದ ಕೆಂಪು ಬೋಳುತಲೆ, ಕೊರಳಿಗೆ ಹಳದಿ ಪಟ್ಟಿ, ಮೈತುಂಬ ಕಪ್ಪು ಕೋಟು ತೊಟ್ಟ ಒಬ್ಬ ಮಹನೀಯ, ಅಂದರೆ ಪೊದೆಗಳಲ್ಲಿ ವಾಸಿಸುವ ಕಾಡು ಟರ್ಕಿ ಕೋಳಿಯ ಗಂಡು, ಹೊರಬಂದು ನಮ್ಮನ್ನೇ ಗದರಿಸುವಂತೆ ನೋಡಿ ಕಾಲಿನಿಂದ ನಾಲ್ಕು ಎಲೆ ಹಿಂದಕ್ಕೆ ಎಸೆಯಿತು. ಎಲೆ ಕೊಳೆತ ಬಿಸಿಯಲ್ಲಿ ಮೊಟ್ಟೆ ಬಲಿಯಲೆಂದು ಗುಡ್ಡೆ ಕಟ್ಟುವ ಜಾತಿ ಅದು. ತಮ್ಮ ಬಿಸಿಗಾಳಿ ಹೊರಬರುವ ಗೋಡೆಯ ಕಿಂಡಿಯನ್ನು ಕಂಡು, ಇಂಥ ಸುಖದ ಬಾಣಂತಿಕೋಣೆ ಮೂರು ಲೋಕದಲ್ಲಿ ಸಿಗದೆಂದು, ಸರಿಯಾಗಿ ಅದರ ಬಾಯಿಗೇ ಗುಡ್ಡೆ ಮೆತ್ತಿತ್ತು. ನಮ್ಮ ಅಂಗಿಗಳ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಮತ್ತೆ ಅಂಗಿಗಳ ಮೇಲೇ ಬರುತ್ತಿತ್ತು. ಅಯ್ಯೋ ರಾಮ, ತಾವು ಸೋಮಾರಿಯಲ್ಲ, ದಾದಿ!

ಮೊಟ್ಟೆಯಿರುವ ಗುಡ್ಡೆಯನ್ನು ಮುಟ್ಟುವಂತಿಲ್ಲ, ಕಾನೂನು ಬಿಡುವುದಿಲ್ಲ. ರೆಂಜೊ ಕೊಳವೆಯನ್ನು ಗೋಡೆಯಿಂದ ಬಿಚ್ಚಿ, ಗಿಡ್ಡಗೆ ಕತ್ತರಿಸಿ, ಕಿಟಕಿಯ ಪಟ್ಟಿಗಳ ನಡುವಿನಿಂದ ಹೊರಕ್ಕೆ ಬಿಟ್ಟ. "ಬೇಡ ಅಂಕಲ್, ಆ ಕೋಳಿ ಬಂದ ಮೇಲೇ ನಾವು ಗೆಲ್ಲೋಕೆ ಶುರು ಮಾಡಿದ್ದು! ಅದರ ಹೊಟ್ಟೆ ಉರಿಸ್ಬೇಡಿ" ಎಂದು ಕೊಲೀನ್ ಗೋಗರೆದಳು. ನಾನು ಕೇಳಲಿಲ್ಲ. ಶುಕ್ರವಾರ ಅಂಗಿಗಳನ್ನು ಹಾಕಿದೆ. ಪಾಸ್ತಾ ಬೇಯಿಸಿ ಬಸಿದು ಬರುವಷ್ಟರಲ್ಲಿ, ಮಹಾಶಯರೇ, ಹಪ್ಪಳ! ಗರಿಗರಿ ಹಪ್ಪಳ! ಸಂತೋಷಕ್ಕೆ ತಮ್ಮ ತಲೆಯ ಮೇಲೆ ಮುತ್ತಿಟ್ಟೆ, ನೆನಪಿರಬಹುದು.

ಸಂಜೆ ಹುಡುಗಿಯರು ಬಂದರು. ಮಡಿಸಿಟ್ಟ ಅಂಗಿಗಳನ್ನು ಕೈಗೆ ಕೊಟ್ಟೆ. "ಆಗ್ಲೇ ಆಯ್ತಾ?" ಎಂದರು. ಆಯಿತು ಎಂದೆ. ನಾಳೆ ಫೈನಲ್, ಬೇಗ ಮಲಗಬೇಕೆಂದು ಹೊರಟೇಬಿಟ್ಟರು. ಮೆಟ್ಟಿಲು ಖಾಲಿ. ಕ್ರೋಸ್ತೊಲಿ ತುಂಬಿದ ಪರಾತ ಹಾಗೇ ಇತ್ತು. ಚಳಿಗಾಲವಿಡೀ ಆ ಹುಡುಗಿಯರ ಕೂಡ ಜೋರು ಜೋರಾಗಿ ನಗುತ್ತಿದ್ದ ರೆಂಜೊ, ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಒರೆಸುತ್ತ ಕೂತ. ನಾನು ಪರಾತಕ್ಕೆ ತಟ್ಟೆ ಮುಚ್ಚಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡಿ ಎಂದು ತಮಗೆ ಯಾರು ಹೇಳಿದ್ದರು, ಅಯೋಗ್ಯರೇ?

ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದು. ಇಡೀ ತಂಡ ಮಳೆಯಲ್ಲಿ ತೊಪ್ಪೆಯಾಗಿ ನಿಂತಿತ್ತು. ಗೇಟಿನ ಹೊರಗೆ ಅಂಗಿಗಳ ಮಡಿಕೆ ಬಿಚ್ಚಿ ಮಳೆಗೆ ಹಿಡಿದುಕೊಂಡು ಬಂದಿದ್ದರು, ಪಾಪಿ ಮುಂಡೇವು! ಕೊಲೀನ್ ತನ್ನ ಅಂಗಿಯಿಂದ ನನ್ನ ನೆಲದ ಮೇಲೆ ನೀರು ತೊಟ್ಟಿಕ್ಕಿಸುತ್ತ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, "ಆಂಟಿ, ಇನ್ನೂ ಹಸಿ ಇದೆ ಕಣ್ರೀ. ಇನ್ನೊಂದ್ಸಲ ಹಾಕ್ಬಿಡಿ. ನಾವು ಕಾಯ್ತೀವಿ" ಎಂದಳು. ನಾನು ರೆಂಜೊನನ್ನು ನೋಡುವಷ್ಟರಲ್ಲಿ ಅವನು ಕೆಳಗಿಳಿದು ಕೊಳವೆಯನ್ನು ಮತ್ತೆ ಗೋಡೆಯ ಕಿಂಡಿಗೆ ಸಿಕ್ಕಿಸುತ್ತಿದ್ದ. "ನಿಧಾನಕ್ಕೇ ಆಗ್ಲಿ, ಏನ್ ಅರ್ಜೆಂಟು?" ಎಂದು ಹಾಡಿನಂತೆ ಹೇಳುತ್ತಿದ್ದ.

ಮರುದಿನ ಅರೆಹಸಿ ಅಂಗಿಯಲ್ಲೇ ಆಡಿ, ಕಡೆಯ ನಿಮಿಷದಲ್ಲಿ ಸೋತರು. ಊರು ಅತ್ತಿತು, ನಾನೂ ಮನಸಾರೆ ಅತ್ತೆ. ಮೂಟೆ ಇನ್ನು ಬೇರೆ ಮನೆಗೆ ಹೋಗುತ್ತದಲ್ಲ ಎಂಬುದು ನನ್ನ ಕಣ್ಣೀರಿಗೆ ಇನ್ನೊಂದು ಕಾರಣವಾಗಿತ್ತು. ಅದನ್ನು ತಮಗಲ್ಲದೆ ಯಾರಿಗೆ ಹೇಳಲಿ? ಆದರೆ ಹುಡುಗಿಯರು ಕ್ಲಬ್ಬಿನಲ್ಲಿ ಸಭೆ ಸೇರಿ ಹೊಸ ನೇಮ ಮಾಡಿದ್ದಾರೆ: ಫೈನಲ್ ಸೋತ ಅಂಗಿಯನ್ನು ಯಾರು ಒಗೆದಿದ್ದರೋ ಅವರೇ ಪ್ರಾಯಶ್ಚಿತ್ತವಾಗಿ ಮುಂದಿನ ವರ್ಷವಿಡೀ ಒಗೆಯಬೇಕಂತೆ. ಗೆದ್ದರೂ ನಾನೇ, ಸೋತರೂ ನಾನೇ. ಇದೆಂಥ ನ್ಯಾಯ ಎಂದು ಎಲ್ಲರೆದುರು ಕೂಗಾಡಿ ಬಂದು, ಅಂಗಡಿಯಲ್ಲಿ ದೊಡ್ಡ ಬಾಣಲೆ ಕೊಂಡೆ.

ಆದಕಾರಣ ತಮ್ಮಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ: ಮುಂದಿನ ಚಳಿಗಾಲವೂ ಶುಕ್ರವಾರಗಳಂದು ದಯಮಾಡಿ ಅಂಗಿಗಳನ್ನು ಒಣಗಿಸಬೇಡಿ.

ಇತಿ, ಸೋಪು ತಿಂದು ಸವೆದ ಕೈಗಳ,
ತಮ್ಮ ವಿಶ್ವಾಸಿ,
ವಿಲ್ಮಾ ಜಾನೆಟ್ಟಿ

ತಾ.ಕ.: ಮೇಲಿನ ಕೋರಿಕೆ ನನ್ನ ಹಾಸಿಗೆ ಹೊದಿಕೆಗಳಿಗೆ ಅನ್ವಯಿಸುವುದಿಲ್ಲ. ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಕೊಳವೆ ಕಿಟಕಿಯಲ್ಲೇ ಇರುತ್ತದೆ. ಆಗಲೂ ತಾವು ದಾದಿಯ ನೆಪ ಹೇಳಿದರೆ, ಹಳೆಯ ಸಾಮಾನು ಒಯ್ಯುವ ಪುರಸಭೆಯ ಲಾರಿ ನಮ್ಮ ಬೀದಿಗೂ ಬರುತ್ತದೆಂಬುದು ನೆನಪಿರಲಿ. ಟರ್ಕಿ ಮಹನೀಯರಿಗೂ ಇದರ ಒಂದು ಪ್ರತಿಯನ್ನು ಗುಡ್ಡೆಯ ಮೇಲೆ ಇಟ್ಟುಬಂದೆ. ಅವರು ಅದನ್ನೂ ಕೆರೆದು ಮೊಟ್ಟೆಯ ಮೇಲೆ ಹೊದಿಸಿದ್ದಾರೆ.