ರೌಂಡಬೌಟಿನಲ್ಲಿ ಮಾವ

೧೯೯೪ರಲ್ಲಿ, ಎಂಟನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಅಲ್ಲಿಂದೀಚೆಗೆ ನನ್ನನ್ನು ನಿಲ್ಲಿಸಿ, "ಎಡ ಯಾವುದು ಬಲ ಯಾವುದು ಗೊತ್ತುಂಟಾ?" ಎಂದು ಕೇಳುವ ಧೈರ್ಯ ಮಾಡಿದವರು ಭೂಮಿಯ ಮೇಲೆ ಒಬ್ಬರೇ: ನನ್ನ ಹೆಂಡತಿಯ ಸೋದರಮಾವ! ಅರ್ಧ ದುಬೈಯ ಎ.ಸಿ.ಗಳನ್ನು ಬಿಚ್ಚಿ ಜೋಡಿಸಿದ ಮನುಷ್ಯ ನಾನು. ನನಗೆ ಎಡಬಲದ ಪಾಠ!

ಮಾವ ಡ್ರೈವರ್. ಅಬುಧಾಬಿಯ ಅಲ್ ರೀಮ್‌ನಲ್ಲಿ ಅಮೆರಿಕದ ಕುಟುಂಬವೊಂದಕ್ಕೆ ಕಾರು ಓಡಿಸುವಾಗ, ಅವರ ಕಾಂಟ್ರಾ ಡ್ಯಾನ್ಸನ್ನು ನೋಡಿ ನೋಡಿಯೇ ಕಲಿತುಬಿಟ್ಟರು. ಜೋಡಿಗಳು ಎದುರುಬದುರು ಎರಡು ಸಾಲಾಗಿ ನಿಲ್ಲುವುದು. ಪಕ್ಕದ ಜೋಡಿಯೊಂದಿಗೆ ಕೈ ಹಿಡಿದು, ತಿರುಗಿ, ದಾಟಿ, ಮುಂದಿನ ಜೋಡಿಗೆ ಸರಿಯುವುದು. ಪ್ರತಿ ಹೆಜ್ಜೆಗೂ ಮೊದಲು ಒಬ್ಬರು ಮೈಕಿನಲ್ಲಿ ಕೂಗಬೇಕು. ಆ ಒಬ್ಬರು ಯಾರು? ಕೇಳಬೇಕೆ! ಈಗ ಶನಿವಾರ ಸಂಜೆ ದುಬೈಯ ಊದ್ ಮೇಥಾದ ಹಾಲ್‌ನಲ್ಲಿ ಉಡುಪಿ, ಕುಂದಾಪುರದ ದಂಪತಿಗಳು ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲಿ ತೇಲುತ್ತಾರೆ. ಪಿಟೀಲು ಶುರುವಾದರೆ ಗೋಡೆಗಳೂ ಮೆಲ್ಲಗೆ ಸರಿದಂತೆ ಕಾಣುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಸಂಗಾತಿಯ ಜೊತೆ ಗಿರಗಿರ ತಿರುಗಿದ ಕೂಡಲೇ ಕೈ ಬಿಡಬೇಕು, ಹೆಂಗಸರು ಎದುರಿನ ಸಾಲಿಗೆ ದಾಟಬೇಕು. ಮಾವನ ಪಾಠ ಹೀಗೆ:

"ಇದು ರೌಂಡಬೌಟ್ ಮಾರಾಯ್ರೇ! ಒಳಗೆ ನುಗ್ಗುವ ಮೊದಲೇ ಎಕ್ಸಿಟ್ ಗೊತ್ತಿರಬೇಕು. ಕಣ್ಣೇ ಇಂಡಿಕೇಟರ್. ಕಣ್ಣು ಹಾಕಿ, ಕೈ ಬಿಡಿ, ಖಲಾಸ್! ಡಾಕ್ಟ್ರೇ, ನೀವು ಶಾರ್ಜಾಕ್ಕೆ ಹೋದಿರಿ, ವಾಪಸು ಬನ್ನಿ!"

ಕರಾಮದ ಹೋಟೆಲಿನಲ್ಲೂ ಬಿಡುಗಡೆಯಿಲ್ಲ. ಇಡ್ಲಿಗಳು ಹೆಂಗಸರು, ವಡೆಗಳು ಗಂಡಸರು. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ನನಗೆ ಬಿಡಿಸಿ ಹೇಳುತ್ತಿದ್ದರು. ಸಾಂಬಾರು ಹಿಡಿದು ನಿಂತ ಸಪ್ಲೈಯರ್ ಕೊನೆಗೆ ಕೇಳಿದ: "ಸಾರ್, ಇದನ್ನು ಎಲ್ಲಿ ಹಾಕುವುದು? ದಾರಿ ಕೊಡಿ!"

ಅತ್ತೆ ಮಾತ್ರ ಯಾವತ್ತೂ ಗೋಡೆ ಬದಿಯ ಕುರ್ಚಿಯಲ್ಲಿ, ಮಡಿಲಲ್ಲಿ ಚಹಾದ ಫ್ಲಾಸ್ಕ್. ಮೊಣಕಾಲಿನ ಆಪರೇಷನ್ನಿಗೆ ಒಂದು ವಾರ ಇರುವಾಗ, ಒಂದು ಶನಿವಾರ, ಆ ಕುರ್ಚಿಯಿಂದಲೇ ತಣ್ಣಗೆ ಅಂದರು: "ಊರವರಿಗೆಲ್ಲ ಕೈ ಹಿಡಿಸಿ ಆಯಿತಲ್ಲ. ನನ್ನ ಕೈ ಹಿಡಿದು ಕುಣಿಯುವುದು ಯಾವಾಗ? ನಾಳೆ ಈ ಕಾಲು ಹೇಗೋ ಏನೋ."

ಮೈಕು ಹಿಡಿದವನು ಕುಣಿಯುವುದು ಹೇಗೆ? ಮಾವ ಸುತ್ತ ನೋಡಿದರು. ನಾನು ಕಿಟಕಿಯಾಚೆಯ ದೀಪಗಳನ್ನು ನೋಡಿದೆ. ಡಾಕ್ಟರು, ಇಂಜಿನಿಯರುಗಳ ನಡುವೆ ಎಂಟನೇ ಕ್ಲಾಸಿನವನ ಕೈಗೇ ಮೈಕು ಬಂತು!

"ಇಡ್ಲಿ ನೆನಪುಂಟಲ್ಲ?" ಎಂದರು.

"ವಡೆಯೂ ಉಂಟು. ನೀವು ಹೋಗಿ ಮಾವ."

ಕೂಗಿದೆ. ಸಾಲುಗಳು ಅಲೆಯಂತೆ ಎದ್ದವು, ಇಳಿದವು. ನನ್ನ ಮಾತಿಗೆ ಇಷ್ಟು ಜನ ತೇಲುತ್ತಾರೆಯೇ! ಮಾವ ಅತ್ತೆಯನ್ನು ನಿಧಾನಕ್ಕೆ, ಮೊಣಕಾಲಿಗೆ ನೋವಾಗದಂತೆ ತಿರುಗಿಸುತ್ತಿದ್ದರು. ಎಲ್ಲರೂ ಎಡವುವ ಆ ಜಾಗ ಬಂತು. "ಕೈ ಬಿಡಿ, ಹೆಂಗಸರು ದಾಟಿ!"

ಎಲ್ಲರೂ ಬಿಟ್ಟರು. ಮಾವ ಬಿಡಲಿಲ್ಲ.

ಸಾಲು ಸಾಲೇ ನಿಂತುಹೋಯಿತು. "ಮಾಸ್ಟ್ರೇ, ಎಕ್ಸಿಟ್ ಹೋಯಿತು!" ಎಂದು ಡಾಕ್ಟರು ಸೇಡು ತೀರಿಸಿಕೊಂಡರು.

"ಬಿಡಿ ಮಾರಾಯ್ರೇ, ಎಲ್ಲರೂ ನೋಡ್ತಿದ್ದಾರೆ," ಎಂದರು ಅತ್ತೆ. ಮಾವನ ಕಣ್ಣು ಮಾತ್ರ ಯಾವ ಎಕ್ಸಿಟಿನ ಕಡೆಗೂ ಇರಲಿಲ್ಲ.

ಮುಂದಿನ ಹೆಜ್ಜೆ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಎಲ್ಲರೂ ನಿಮ್ಮ ನಿಮ್ಮ ಸಂಗಾತಿಯ ಜೊತೆ ಇನ್ನೊಂದು ಸುತ್ತು. ಯಲ್ಲಾ, ಹೊರಡಿ!"

ಇಡೀ ಹಾಲ್ ತಿರುಗಿತು.

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಎ.ಸಿ. ರಿಪೇರಿ ಅಂಗಡಿ, ಎರಡು ವ್ಯಾನು, ನಾಲ್ಕು ಜನ ಕೆಲಸದವರು, ಮಾವ ವಾಪಸು ಕೇಳದ ಒಂದು ಮೈಕು.