ಷಡ್ಡಕನ ಹಾಡಿಗೆ ಕತ್ತರಿ

ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಎದುರು ಅಂಗಡಿಯವನ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಇದ್ದಷ್ಟನ್ನೂ ಷಡ್ಡಕನಿಗೆಂದೇ ಮೀಸಲಿಟ್ಟಿದ್ದರು. ಹೆಂಡತಿಯ ಅಕ್ಕನ ಗಂಡನಾದ ಆ ಮಹಾಶಯ, ಕಂಪ್ಯೂಟರ್ ಫೈಲುಗಳು ಎಷ್ಟು ಕಾಲ ಕೆಡದೆ ಬಾಳುತ್ತವೆ ಎಂದು ದಾಖಲೆ ಕಚೇರಿಯೊಂದರಲ್ಲಿ ಪರೀಕ್ಷಿಸುತ್ತಿದ್ದ. (ಕೆಡುವುದನ್ನೇ ಕಾಯುತ್ತ ಕೂತವನಿಗೆ ಸಂಬಳ ಬೇರೆ, ಎಂಬುದು ಯಜಮಾನರ ಭಾಷ್ಯ.)

ಯಜಮಾನರ ಮದುವೆಯ ವಿಡಿಯೊವನ್ನು ಚಿರಂಜೀವಿ ಮಾಡುವ ಹೊಣೆಯನ್ನೂ ಅವನೇ ಹೊತ್ತ. ಪ್ರತಿಗಳು ಮೂರು, ಮನೆಗಳು ಮೂರು: ತನ್ನಲ್ಲೊಂದು, ಅತ್ತೆಯಲ್ಲೊಂದು, ಇವರಲ್ಲೊಂದು. ತೊಂದರೆಯೆಂದರೆ, ಆ ವಿಡಿಯೊದಲ್ಲಿ ಮದುಮಗನಿಗಿಂತ ಷಡ್ಡಕನೇ ಕಳೆಕಟ್ಟಿದ್ದ. ವೇದಿಕೆ ಹತ್ತಿ ಅವನು ಹಾಡುತ್ತಾನೆ, ಮದುಮಗಳು ಮೈಮರೆತು ಚಪ್ಪಾಳೆ ತಟ್ಟುತ್ತಾಳೆ. ಪಕ್ಕದಲ್ಲಿ ಮದುಮಗ, ಯಾರೋ ಮರೆತುಹೋದ ಕೊಡೆಯಂತೆ ನಿಂತಿದ್ದಾನೆ.

ಹೆಂಡತಿ ಹೊರಗೆ ಹೋಗಿದ್ದ ಒಂದು ದಿನ ಯಜಮಾನರು ತಮ್ಮ ಪ್ರತಿಯಿಂದ ಆ ಹಾಡನ್ನು ನಾಜೂಕಾಗಿ ಕತ್ತರಿಸಿ ಬಿಸಾಡಿದರು. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಸ್ವಲ್ಪ ದಿನಕ್ಕೆ ಷಡ್ಡಕ ಅತ್ತೆಯನ್ನೂ ಕರೆದುಕೊಂಡು, ಲ್ಯಾಪ್‌ಟಾಪ್ ಹಿಡಿದು ಬಂದ.

"ಮನುಷ್ಯರ ಹಾಗೆ ಫೈಲಿಗೂ ಒಂದು ಬೆರಳಚ್ಚು ಇರುತ್ತೆ. ಮೂರು ಪ್ರತಿದೂ ಒಂದೇ ಇರ್ಬೇಕು. ಸಾಸಿವೆಯಷ್ಟು ಬದಲಾದ್ರೂ ಸಿಕ್ಕಿಬೀಳುತ್ತೆ."

"ಮೊದಲು ಚಹಾ ಕುಡೀರಿ," ಎಂದರು ಯಜಮಾನರು.

"ಅರೆ, ನಿಮ್ಮದೊಂದೇ ಬೇರೆ ಬರ್ತಿದೆ. ಎಲ್ಲಿ ಕೆಟ್ಟಿದೆ ನೋಡೋಣ."

ಎರಡು ಪ್ರತಿಗಳನ್ನು ಅಕ್ಕಪಕ್ಕ ಓಡಿಸಿದ. ಒಂದರಲ್ಲಿ ಹಾಡು ಶುರುವಾಯಿತು. ಇನ್ನೊಂದರಲ್ಲಿ ಜನ ಆಗಲೇ ಊಟಕ್ಕೆ ಕೂತಿದ್ದರು.

"ಹಾಡು ಮಾತ್ರ ಕೆಟ್ಟಿದೆ," ಎಂದ ಷಡ್ಡಕ, ಮೆಲ್ಲಗೆ.

"ಕೆಡೋಕೆ ಬೇರೆ ಜಾಗ ಸಿಗಲಿಲ್ವೇನ್ರೀ ಅದಕ್ಕೆ?" ಹೆಂಡತಿ ಲ್ಯಾಪ್‌ಟಾಪ್ ಬಿಟ್ಟು ಗಂಡನನ್ನೇ ನೋಡುತ್ತ ಕೇಳಿದಳು.

"ಅವರನ್ಯಾಕೆ ಅಂತೀಯೆ," ಎಂದು ಅತ್ತೆ ಅಡ್ಡಬಂದರು. "ಹಾಕಿ ಹಾಕಿ ನೋಡಿ ಸವೆಸಿದ್ದಾರೆ ಪಾಪ. ನಮ್ಮ ಕ್ಯಾಸೆಟ್ಟಲ್ಲೂ ಅಷ್ಟೇ, ಇಷ್ಟದ ಹಾಡೇ ಮೊದಲು ಹೋಗ್ತಿತ್ತು."

ಫೈಲು ಸವೆಯುವುದಿಲ್ಲವೆಂದು ಹೇಳಲು ಷಡ್ಡಕ ಬಾಯಿ ತೆರೆದ. ಯಜಮಾನರ ಮುಖ ನೋಡಿ ಮುಚ್ಚಿದ. ಮತ್ತೆ ತೆರೆದು, "ಹೌದೇನ್ರೀ? ಅಷ್ಟು ನೋಡ್ತಿದ್ರಾ?" ಎಂದ.

ಕಳ್ಳನಾಗಬೇಕು, ಇಲ್ಲವೇ ಅಭಿಮಾನಿಯಾಗಬೇಕು. ವ್ಯಾಪಾರಸ್ಥರು ಕಡಿಮೆ ನಷ್ಟದ್ದನ್ನು ಆರಿಸಿಕೊಂಡರು.

"ದಿನಾ," ಎಂದರು, ನೆಲ ನೋಡುತ್ತ.

"ನಂಗೆ ಹೇಳ್ಲೇ ಇಲ್ವಲ್ಲ ನೀವು," ಎಂದಳು ಹೆಂಡತಿ, ಜೇನು ಸುರಿಸುತ್ತ. "ಭಾವ, ಇವರಿಗೋಸ್ಕರ ಈಗಲೇ ಇನ್ನೊಂದ್ಸಲ ಹಾಡಿಬಿಡಿ, ರೆಕಾರ್ಡ್ ಮಾಡೋಣ. ರೀ, ನೀವೇ ಮೊಬೈಲ್ ಹಿಡ್ಕೊಳ್ಳಿ."

ಷಡ್ಡಕ ಎದ್ದು ಗಂಟಲು ಸರಿಮಾಡಿಕೊಂಡ. "ಕೈ ಅಲುಗಿಸ್ಬೇಡಿ, ನೂರು ವರ್ಷ ಉಳಿಯೋ ವಸ್ತು ಇದು."

ಹಾಡು ಮುಗಿದದ್ದೇ ತಡ, "ಮತ್ತೊಂದು ಆಗಲಿ," ಎಂದರು ಅತ್ತೆ, ಕಿರಿಯ ಅಳಿಯನ ಪರವಾಗಿ.