ಸ್ಕೂಟರಿಗೆ ಹೊಚ್ಚಿದ ಕೌದಿ

ಥಂಡಿ ಅನ್ನೂದು ಮನಶ್ಯಾನ್ನ ಕಾಡಲಿ, ದನಾನ ಕಾಡಲಿ, ನಮ್ಮ ಮನಿ ಕರೆಂಟ್ ಸ್ಕೂಟರಿನ ಒಂದು ಕೂದಲಾ ಸೈತ ಮುಟ್ಟಬಾರದು! ಹಿಂಗಂತ ನಾನು ಸುರೇಬಾನದ ಚಾದಂಗಡಿ ಮುಂದ, ಏಳು ಮಂದಿ ಎದುರಿಗೆ, ಎದಿ ತಟ್ಟಿ ಶಪಥಾ ಮಾಡಿದೆ.

"ಸ್ಕೂಟರಿಗೆ ಕೂದಲಾ ಎಲ್ಲೈತೋ ಕಲ್ಮೇಶಣ್ಣ?" ಅಂದ ಬಾಜೂ ಮನಿ ಜಟ್ಟೆಪ್ಪ.

"ಇಲ್ಲಂತನೇ ಅದಕ್ಕ ಥಂಡಿ ಜಾಸ್ತಿ!" ಅಂದೆ.

ಏಳೂ ಮಂದಿ ಚಾದ ಕಪ್ಪಿಗೆ ಬಾಯಿ ಹಚ್ಚಿದ್ರು. ಐದನೇತ್ತೆಗೆ ಸಾಲಿ ಬಿಟ್ಟಾಂವ ನಾನು. ಆದ್ರ ವಾದದಾಗ ನನ್ನ ಸೋಲಿಸಿದಾಂವ ಇನ್ನೂ ಹುಟ್ಟಿಲ್ಲ. ಹುಟ್ಟಿದಾಕಿ ಒಬ್ಬಾಕಿ ಅದಾಳ, ಆಕೀನ ನಾನು ಮದುವಿ ಆಗೇನಿ.

ಆಕಿ ಹೆಸರು ದೇವಕ್ಕ. ಖರೇ ಹೇಳಬೇಕಂದ್ರ ಸ್ಕೂಟರೂ ಆಕೀದೇ. ಜ್ವಾಳದ ಖಡಕ್ ರೊಟ್ಟಿ ಬಡದು, ಬುಟ್ಟಿ ಕಟಗೊಂಡು, ರಾಮದುರ್ಗದಾಗ ಮನಿ ಮನಿಗೆ ಮುಟ್ಟಿಸಿ ಬರತಾಳ. ಗಾಡಿ ಓಡಸೂದು ಆಕಿ ಕೆಲಸ. ಒರಸೂದು, ಚಾರ್ಜಿಗೆ ಹಚ್ಚೂದು, ಮತ್ತ ಊರಾಗ ನಿಂತು "ನಮ್ಮ ಗಾಡಿ" ಅನ್ನೂದು ನನ್ನ ಕೆಲಸ. ಮೂರನೇದನ್ನ ನಾನು ಬಾಳ ಮನಸ್ಸಿಟ್ಟು ಮಾಡತೇನಿ.

ಮರುದಿನಾ ರಾಮದುರ್ಗದ ಮಹಾಂತಪ್ಪನ ಮನಿಯಾಗ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ. ಮುನ್ನೂರು ರೊಟ್ಟಿ ಬೇಕು, ಮುಂಜಾನೆ ಒಂಬತ್ತರೊಳಗ ಬೇಕು. ಹೊತ್ತಿಗೆ ಬಂತಂದ್ರ ಬ್ಯಾಸಿಗ್ಯಾಗಿನ ಅವರ ಮನಿ ಮದುವಿ ರೊಟ್ಟೀನೂ ದೇವಕ್ಕಂದೇ. ಬರಲಿಲ್ಲಂದ್ರ ಅದೇ ಓಣಿಯಾಗ ರೊಟ್ಟಿ ಮಾರೂ ಗುರವ್ವ ಕಾಯಕೋತ ಕುಂತಾಳ. ಎರಡು ದಿನಾ ಒಲಿ ಮುಂದ ಕುಂತು ರೊಟ್ಟಿ ಬಡದಿದ್ಲು ನನ್ನ ಹೆಂಡ್ತಿ.

"ರೀ, ಗಾಡಿ ಹೊರಗ ಕಟ್ಟಿ ಮುಂದ ಹಚ್ಚಿ, ಚಾರ್ಜಿಗೆ ಹಾಕಿ, ಸುಮ್ಮನ ಬಿಡ್ರಿ. ಮತ್ತೇನೂ ಮಾಡಬ್ಯಾಡ್ರಿ," ಅಂದ್ಲು.

"ನನಗ ಹೇಳತಿ? ವಿಡಿಯೋ ನೋಡೇನಿ ನಾನು!"

ನೋಡಿದ್ದೆ! ಫೋನಿನ್ಯಾಗ ಒಬ್ಬ ಕೆಂಪ ಗಡ್ಡದಾಂವ, ಟೊಂಕದ ಮಟಾ ಬರಫಿನ್ಯಾಗ ನಿಂತು, ತನ್ನ ಕರೆಂಟ್ ಗಾಡಿನ ಥಂಡಿಯಿಂದ ಹೆಂಗ ಕಾಪಾಡತೇನಿ ಅಂತ ತೋರಸ್ತಿದ್ದ. ಅವನ ಭಾಷಾ ಒಂದಕ್ಷರ ತಿಳೀಲಿಲ್ಲ. ಕೈಸನ್ನಿ ಪೂರಾ ತಿಳೀತು. ಗಾಡೀನ ಒಳಗ ತಗೊಂಡ, ದಪ್ಪನ್ನ ಹೊದಿಕಿ ಹೊಚ್ಚಿದ, ಬೆಚ್ಚಗ ಮಾಡಿದ. ಅಷ್ಟಲ್ಲೇನು? ಗಾಡಿ ಮಾರಿದ ರಾಮದುರ್ಗದ ಗುರುನಾಥ, "ಗಾಳಿ ಆಡೂವಲ್ಲಿ ಇಡ್ರಿ" ಅಂತ ಎರಡ ಸಲ ಹೇಳಿದ್ದ. ಆದ್ರ ಅಂವ ನಮ್ಮ ತಾಲೂಕಿನಾಂವ. ಗಡ್ಡದಾಂವ ಪರದೇಶದಾಂವ! ಈಗಿನ ಮಂದಿ ಎದುರಿಗೆ ನಿಂತು ಹೇಳಿದವರ ಮಾತು ಕೇಳೂದಿಲ್ಲ, ಅಂಗೈಯಾಗಿನ ಫೋನಿಗೆ ಕೈ ಮುಗಿತಾರ. ಆ ಪಾಳಿಯೊಳಗ ಎಲ್ಲಾರಕಿಂತ ಮುಂದ ನಿಂತಾಂವ ನಾನು.

ನಮ್ಮ ಮನಿ ತಲಬಾಗಿಲಾ ದಾಟಿದ ಕೂಡ್ಲೆ ಎಡಕ್ಕ ದನಾ ಕಟ್ಟೂ ಜಾಗಾ. ಎರಡು ಎತ್ತು, ಒಂದು ಎಮ್ಮಿ ಉಸರ ಬಿಟ್ರ ಸಾಕು, ಮಾಘದಾಗೂ ಅಲ್ಲಿ ಬೆಚ್ಚಗ. ಸಂಜೀಕ ಎಮ್ಮೀನ ಒಂದು ಮಾರು ಸರಿಸಿ ಸ್ಕೂಟರ್ ನಿಲ್ಲಿಸಿದೆ. ಚಾರ್ಜಿಗೆ ಹಚ್ಚಿದೆ. ಮ್ಯಾಲ ಒಂದು ಗೋಣಿ ತಟ್ಟು, ಅದರ ಮ್ಯಾಲ ನಮ್ಮವ್ವ ಹೊಲಿದ ಕೌದಿ. ಸುತ್ತಲೂ ಸಿಗಿಸಿ, ಕೂಸಿಗೆ ಹೊಚ್ಚಿದಂಗ ಹೊಚ್ಚಿ, ಕನ್ನಡಿ ಎರಡನ್ನಷ್ಟ ಹೊರಗ ಬಿಟ್ಟೆ. ಎಮ್ಮಿ ನನ್ನ ಮಾರಿ ನೋಡಿತು. ಹದಿನೈದು ವರ್ಷದಾಗ ಅದಕ್ಕ ಒಂದು ಸಲಾನೂ ಕೌದಿ ಸಿಕ್ಕಿರಲಿಲ್ಲ.

ಊಟಾ ಮಾಡಿ ಬಂದು ಕೌದಿ ಎತ್ತಿ ನೋಡತೇನಿ, ಗಾಡಿ ಮುಂದಿನ ಗಾಜಿನ್ಯಾಗ ಕೆಂಪ ಗುರತು! ದವಾಖಾನ್ಯಾಗ ಬಾಯಾಗ ಇಡತಾರಲ್ಲ, ಜ್ವರದ ಕಡ್ಡಿ, ಹುಬೇಹೂಬ ಅದರ ಚಿತ್ರ. ಬಾಜೂಕ ಇಂಗ್ಲೀಷಿನ್ಯಾಗ ಏನೋ ಬರದಿತ್ತು. ಓದಾಕ ಬರಲಿಲ್ಲ, ಆದ್ರ ಅರ್ಥಾ ಆತು.

"ನೋಡಿದಿ? ಥಂಡಿ ಹತ್ತಿ ಜ್ವರಾ ಬಂದೈತಿ!" ಅಂತ ಒದರಿದೆ.

"ಗುರುನಾಥಗ ಫೋನ್ ಹಚ್ಚಿ ಕೇಳ್ರಿ," ಅಂದ್ಲು ದೇವಕ್ಕ, ಬುಟ್ಟಿಗೆ ರೊಟ್ಟಿ ಹೊಂದಸ್ಕೋತ.

"ಅಂವನ್ನ ಯಾಕ ಕೇಳೂದು? ನಾನೇನು ಸತ್ತೇನೇನು?"

ಜ್ವರಾ ಬಂದವರಿಗೆ ಏನ ಮಾಡತಾರ? ಎರಡನೇ ಕೌದಿ ಹೊಚ್ಚಿದೆ! ಒಂದು ಹಳೇ ಬಾಣಲಿಯಾಗ ಕುಳ್ಳಿನ ಕೆಂಡಾ ತುಂಬಿ, ಗಾಡಿಯಿಂದ ಎರಡು ಗೇಣು ದೂರ ಇಟ್ಟೆ. ಗುರತು ಹೋಗಲಿಲ್ಲ. "ಒಳಗಿನ ಥಂಡಿ, ಲಗೂನ ಬಿಡೂದಿಲ್ಲ," ಅಂತ ದೊಡ್ಡ ಡಾಕ್ಟರನಂಗ ತಲಿ ಅಲ್ಲಾಡಿಸಿ ಮಲಗಿದೆ. ಮುಂಜಾನೆ ಐದಕ್ಕ ಎದ್ದು ಹೊಸಾ ಕೆಂಡಾ ತುಂಬಿ, ಇನ್ನೂ ಒಂದು ಗೇಣು ಹತ್ರ ಸರಿಸಿದೆ.

ಏಳಕ್ಕ ದೇವಕ್ಕ ಕೌದಿ ತಗದ್ಲು. ಚಾರ್ಜ್ ಎಷ್ಟು? ನೂರಕ್ಕ ಹದಿನೆಂಟು! ಕೆಂಪ ಗುರತು ಈಗ ಕಣ್ಣು ಹೊಡಿಯಾಕ ಹತ್ತಿತ್ತು. ಆಕಿ ನನ್ನ ಜೋಡಿ ಜಗಳಾ ತಗೀಲಿಲ್ಲ. ಅಲ್ಲೇ ನನಗ ಹೆದರಿಕಿ ಶುರುವಾತು. ಸೀದಾ ಗುರುನಾಥಗ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಲು.

ಬಾಯಿ ಜೋರ ಮಾಡಿದೆ: "ಎಂಥಾ ಗಾಡಿ ಕೊಟ್ಟೀಯಪಾ? ಒಂದು ಥಂಡಿ ತಡಕೊಳ್ಳೂದಿಲ್ಲ?"

ಗುರತಿನ ವರ್ಣನಾ ಕೇಳಿ ಅಂವ ಅಂದ: "ಅಣ್ಣಾರ, ಅದು ಥಂಡಿ ಗುರತಲ್ರಿ, ಕಾವಿನ ಗುರತು. ಒಳಗ ಬ್ಯಾಟರಿ ಕಾದೈತಿ, ಅದಕ್ಕ ತಾನೇ ಚಾರ್ಜ್ ಬಂದ್ ಮಾಡಕೊಂಡೈತಿ. ಮ್ಯಾಲ ಏನರ ಮುಚ್ಚೀರೇನು?"

"ಕೌದಿ."

"ಒಂದೋ?"

"ಎರಡು. ಒಂದು ಗೋಣಿ ತಟ್ಟು."

"ಬಾಜೂಕ ಏನೈತ್ರಿ?"

"ಎಮ್ಮಿ."

"ಇನ್ನೊಂದ ಕಡೆ?"

ದನಿ ಸಣ್ಣ ಮಾಡಿದೆ. "ಕೆಂಡದ ಬಾಣಲಿ."

ಗುರುನಾಥ ಮೆಲ್ಲಕ ಅಂದ: "ಅಣ್ಣಾರ, ಮೊದ್ಲ ಪ್ಲಗ್ ಕೀಳ್ರಿ. ಕೆಂಡಾ ಹೊರಗ ಒಯ್ರಿ. ಆಮ್ಯಾಲ ಗಾಡಿ ಅಂಗಳಕ್ಕ ತಗೀರಿ. ಬ್ಯಾಟರಿ ಬಾಜೂಕ ಬೆಂಕಿ ಇಟ್ಟು ನೀವು ಇನ್ನೂ ಮಾತಾಡಾಕ ಹತ್ತೀರಲ್ಲ, ದೇವರು ದೊಡ್ಡಾಂವ!"

ಓಡಿ ಹೋಗಿ ಪ್ಲಗ್ ಕಿತ್ತೆ. ಕೆಂಡಾ ಒಯ್ದು ತಿಪ್ಪ್ಯಾಗ ಹಾಕಿ ನೀರ ಸುರುವಿದೆ. ಗಾಡಿ ಅಂಗಳಕ್ಕ ಬಂತು. ದೇವಕ್ಕ ಒಂದು ಮೊರ ತಂದು ನನ್ನ ಕೈಯಾಗ ಇಟ್ಲು.

"ಇದ್ಯಾಕ?"

"ಗಾಳಿ ಹಾಕ್ರಿ."

ಹಾಕಿದೆ! ಊರೆಲ್ಲಾ ಕಿವಿಗೆ ಮಫ್ಲರ್ ಸುತಗೊಂಡು ಗದಗದ ನಡಗೂ ಹೊತ್ತಿನ್ಯಾಗ, ಬರೇ ಬನಿಯನ್ ಮ್ಯಾಲ ನಿಂತು, ಮೈಯೆಲ್ಲಾ ಬೆವತು, ಒಂದು ಸ್ಕೂಟರಿಗೆ ಮೊರದಲೇ ಗಾಳಿ ಬೀಸಿದೆ. ಜಟ್ಟೆಪ್ಪ ತಂಬಿಗಿ ಹಿಡಕೊಂಡು ಹೊಂಟಾಂವ ನಿಂತೇಬಿಟ್ಟ.

"ಏನಣ್ಣ, ಕೂದಲಾ ಒಣಗಸ್ತೀಯೇನು?"

"ನಡಿಯಲೇ!" ಅಂತ ಮೊರಾ ಎತ್ತಿದೆ.

"ರೀ, ಅವಗಲ್ಲ, ಗಾಡಿಗೆ," ಅಂದ್ಲು ದೇವಕ್ಕ.

ಮುಕ್ಕಾಲು ತಾಸಿಗೆ ಕೆಂಪ ಗುರತು ಹೋತು. ಅಲ್ಲೇ ಅಂಗಳದಾಗ ಮತ್ತ ಚಾರ್ಜಿಗೆ ಹಚ್ಚಿದ್ರ, ಎಂಟೂಕಾಲಕ್ಕ ಇಪ್ಪತ್ತೆಂಟು ತೋರಿಸಿತು. ಆಕಿ ಬುಟ್ಟಿ ಎರಡೂ ಬಿಗಿದು ಕಟ್ಟಿದ್ಲು. ನಾನು ಹಿಂದ ಏರಾಕ ಹೋದೆ.

"ಇಳೀರಿ. ಇಷ್ಟ ಚಾರ್ಜಿಗೆ ರೊಟ್ಟಿ ಮುಟ್ಟತಾವು, ನೀವು ಮುಟ್ಟೂದಿಲ್ಲ."

"ಮತ್ತ ನಾನು?"

"ಬಸ್ಸಿಗೆ ಬರ್ರಿ. ಬಂದು ಬುಟ್ಟಿ ಇಳಸಾಕ ಕೈ ಹಚ್ಚ್ರಿ."

ಬಸ್ಸು ಹತ್ತಿ, ಹತ್ತಕ್ಕ ಮಹಾಂತಪ್ಪನ ಮನಿ ಮುಟ್ಟಿದೆ. ಕಣ್ಣು ಮೊದಲು ಹುಡುಕಿದ್ದು ಗುರವ್ವನ್ನ. ಇರಲಿಲ್ಲ! ಒಂಬತ್ತಕ್ಕ ಐದು ನಿಮಿಷ ಇದ್ದಂಗನೇ ದೇವಕ್ಕ ಬಂದು ಮುಟ್ಟಿದ್ಲಂತ. ಬುಟ್ಟಿ ಆಗಲೇ ಅಡಗಿ ಮನಿ ಸೇರಿದ್ದವು. ಮದುವಿ ರೊಟ್ಟಿ ಮಾತೂ ಪಕ್ಕಾ ಆಗಿತ್ತು. ನನ್ನ ಎದಿ ಮತ್ತ ಉಬ್ಬಿತು.

ಮಹಾಂತಪ್ಪ ಕೈ ಹಿಡದ. "ಬರ್ರಿ, ನಿಮ್ಮನ್ನೇ ಕಾಯತಿದ್ವಿ! ಬೀಗರೆಲ್ಲಾ ಜಳಕಕ್ಕ ಕುಂತಾರ, ಹಂಡೆ ಒಲಿ ಮುಂದ ಒಬ್ಬರು ಬೇಕಿತ್ತು. ಬಿಸಿ ಮಾಡೂದ್ರಾಗ ನಿಮ್ಮಂಥಾವರು ಈ ಮೂರು ತಾಲೂಕಿನ್ಯಾಗ ಇಲ್ಲಂತ, ನಮ್ಮ ದೇವಕ್ಕ ಹೇಳಿದ್ಲು."

ಒಲಿ ಮುಂದ ಕುಂತೆ. ಕಟಗಿ ಒಟ್ಟಿದೆ. ಪಾಳಿ ಹಚ್ಚಿ ನಿಂತ ಬೀಗರಿಗೆ, ಹೊತ್ತು ಹೋಗಲಿ ಅಂತ, ಕರೆಂಟ್ ಗಾಡೀನ ಥಂಡ್ಯಾಗ ಹೆಂಗ ಸಂಭಾಳಸಬೇಕು ಅಂತ ತಿಳಿಸಿ ಹೇಳಾಕ ಶುರು ಮಾಡಿದೆ. ಗಾಳಿ ಆಡೂ ಜಾಗಾ, ಕೆಂಪ ಗುರತು, ಪ್ಲಗ್ ಯಾವಾಗ ಕೀಳಬೇಕು, ಎಲ್ಲಾ, ಒಲಿಗೆ ಬೆನ್ನು ಮಾಡಿ, ಬಿಡಿಸಿ ಬಿಡಿಸಿ ಹೇಳಿದೆ. ಬಾಯಿ ತಕ್ಕೊಂಡು ಕೇಳಾಕ ಹತ್ತಿದ್ರು ಮಂದಿ!

ಅಷ್ಟರಾಗ ಬಚ್ಚಲದಾಗಿಂದ ಹಿರೇ ಬೀಗರು ಹಲ್ಲು ಕಟಕಟ ಕಡಕೋತ ಕೂಗಿದ್ರು:

"ಯಾಂವ ಅಂವ, ಒಲಿ ಮುಂದ ಕುಂತಾಂವ? ನೀರು ಬರಫ್ ಆಗ್ಯಾವೋ!"